ಡೆಂಗ್ಯೂ ಗುಳಿಗೆ ನಿಂತದ್ದೇಕೆ?

ಮಳೆಗಾಲದಲ್ಲಿ ಊರಿಗೆ ಫೋನ್ ಮಾಡಿದರೆ ಡೆಂಗ್ಯೂ ಸುದ್ದಿ ಇದ್ದದ್ದೇ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದೇ ಘೋಷಿಸಿತು. ಆ ವೈರಸ್ಸನ್ನೇ ಹಿಡಿದು ನಿಲ್ಲಿಸುವ ಔಷಧಿ ಮಾತ್ರ ಅಂಗಡಿಗೆ ಇನ್ನೂ ಬಂದಿಲ್ಲ. ಪ್ಯಾರಾಸಿಟಮಾಲ್, ಗಂಜಿನೀರು, ಹೆಚ್ಚಾದರೆ ಡ್ರಿಪ್, ಅಷ್ಟೇ.

ಬೆಲ್ಜಿಯಂನ ಲ್ಯುವೆನ್ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಹೊರಟ ಮಾಸ್ನೊಡೆನ್ವಿರ್ ಎಂಬ ಗುಳಿಗೆ ಆಸೆ ಹುಟ್ಟಿಸಿತ್ತು. ವೈರಸ್ಸಿನ ಎರಡು ಪ್ರೋಟೀನುಗಳು ಒಂದಕ್ಕೊಂದು ಕೂಡದಂತೆ ಮಾಡಿ ಅದು ಹೆಚ್ಚುವುದನ್ನೇ ತಡೆಯುವ ಉಪಾಯವದು. ರೋಗ ಬಾರದಂತೆ ಕಾಯುತ್ತದೆಯೇ ಎಂದು ನೋಡುವ ಎರಡನೇ ಹಂತದ ಪ್ರಯೋಗವನ್ನು ಜಾನ್ಸನ್ ಅಂಡ್ ಜಾನ್ಸನ್ 2024ರ ಅಕ್ಟೋಬರಿನಲ್ಲಿ ನಿಲ್ಲಿಸಿತು. ಸುರಕ್ಷತೆಯ ತೊಂದರೆ ಇರಲಿಲ್ಲ, ಆದ್ಯತೆ ಬದಲಾಗಿದೆ ಎಂದಿತು. ಅದರ ಮುಖ್ಯ ಕಚೇರಿ ನಮ್ಮ ಕ್ರ್ಯಾನ್‌ಬರಿಗೆ ಸಮೀಪದ ನ್ಯೂ ಬ್ರನ್ಸ್‌ವಿಕ್‌ನಲ್ಲೇ ಇದೆ! ಕಂಪನಿ ತನ್ನ ಲೆಕ್ಕ ನೋಡುವುದು ಸಹಜ. ಆದ್ದರಿಂದಲೇ ಇಂಥ ಕೆಲಸಕ್ಕೆ ಡೆಂಗ್ಯೂ ಕಾಡುವ ದೇಶಗಳ ಸರ್ಕಾರಗಳು, ಮೊದಲು ಭಾರತ, ಹಣ ಹಾಕಬೇಕು.