ಮಣ್ಣಿನ ಮಕ್ಕಳಿಗೆ ಸಿಕ್ಕಿದ್ದೇನು?



ಸಭೆ ಎಲ್ಲಿಯೇ ನಡೆಯಲಿ, ಈಗ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಜನರ ಮೌಲ್ಯಗಳು ಕೆಟ್ಟಿವೆಯಂತೆ. ಅದಕ್ಕೇ ಅವರು ಆವೇಶದ ಭಾಷಣ ಮಾಡುವವರ ಬೆನ್ನು ಹತ್ತುತ್ತಾರಂತೆ. ಓದಿದವರು ಇದಕ್ಕೆ ‘ಪಾಪ್ಯುಲಿಸಂ’ ಎನ್ನುತ್ತಾರೆ. ನಾವು ಜನರಂಜಕ ರಾಜಕಾರಣ ಎನ್ನೋಣ. 1967ರಲ್ಲಿ ಲಂಡನ್ನಿನಲ್ಲಿ ವಿದ್ವಾಂಸರು ಕೂಡಿ ಈ ಶಬ್ದದ ಅರ್ಥವನ್ನು ಚರ್ಚಿಸಿದರು. ಎಲ್ಲರೂ ಒಪ್ಪುವ ವ್ಯಾಖ್ಯೆ ಸಿಗಲಿಲ್ಲ. ಮುಂಬಯಿಯ ಕನ್ನಡ ಹೋಟೆಲು ಕಾರ್ಮಿಕನಿಗೆ ಆ ಹೊತ್ತಿಗಾಗಲೇ ಅದರ ಅರ್ಥ ಮೈಮೇಲೆ ಬಿದ್ದು ತಿಳಿದಿತ್ತು. ಆ ಕಥೆಗೆ ಬರುವ ಮೊದಲು ಗಂಗಾಪುರವನ್ನು ನೋಡೋಣ.

ಇದು ದತ್ತನ ಗಾಣಗಾಪುರವಲ್ಲ. ನಾಶಿಕದ ಗಂಗಾಪುರ ಅಣೆಕಟ್ಟೂ ಅಲ್ಲ. ಹಿಂದೆ ಔರಂಗಾಬಾದ್ ಎನಿಸಿ, 2023ರಿಂದ ಛತ್ರಪತಿ ಸಂಭಾಜಿನಗರ ಎನಿಸಿಕೊಂಡ ಜಿಲ್ಲೆಯ ಒಂದು ತಾಲೂಕು. 1956ರವರೆಗೆ ನಮ್ಮ ಬೀದರ, ಗುಲ್ಬರ್ಗಾ, ರಾಯಚೂರುಗಳೊಡನೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದ ನೆಲ. ಈ ತಾಲೂಕಿನಲ್ಲಿಯೇ ವಾಳೂಜ್ ಔದ್ಯೋಗಿಕ ವಸಾಹತು ಎದ್ದಿತು. 1985ರಲ್ಲಿ ಅಲ್ಲಿ ಬಜಾಜ್ ಕಾರಖಾನೆ ಪ್ರಾರಂಭವಾಯಿತು. ಅದರ ಸುತ್ತ ಚಿಕ್ಕಪುಟ್ಟ ಕಾರಖಾನೆಗಳು ಬೆಳೆದವು.

2018ರ ಜುಲೈ 23ರಂದು, ಮರಾಠಾ ಮೀಸಲಾತಿ ಬೇಕೆಂದು ತರುಣನೊಬ್ಬ ಇದೇ ತಾಲೂಕಿನ ಕಾಯಗಾಂವದ ಸೇತುವೆಯಿಂದ ಗೋದಾವರಿಗೆ ಹಾರಿ ಪ್ರಾಣ ಬಿಟ್ಟ. ಆಗಸ್ಟ್ 9ರ ಬಂದ್ ದಿನ ವಾಳೂಜದ ಹಲವು ಕಾರಖಾನೆಗಳಿಗೆ ಗುಂಪುಗಳು ನುಗ್ಗಿ ಗಾಜು ಒಡೆದವು, ವಾಹನ ಸುಟ್ಟವು. ಸುಟ್ಟದ್ದು ಸರಿಯೇ? ಅಲ್ಲವೇ ಅಲ್ಲ. ಕಾರಖಾನೆ ನಿಂತರೆ ಮೊದಲು ಕೂಲಿ ಕಳೆದುಕೊಳ್ಳುವವನು ಕಾರ್ಮಿಕನೇ. ಆದರೆ ‘ಮೌಲ್ಯ ಕೆಟ್ಟಿತು’ ಎಂದು ಷರಾ ಬರೆದು ಕಡತ ಮುಚ್ಚಿಬಿಟ್ಟರೆ ತಿಳಿಯುವುದೇನು?

ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ‘ಪ್ರಬಲ ಜಾತಿ’ ಎಂಬ ವಿಚಾರವನ್ನು ಕೊಟ್ಟರು. 1948ರಲ್ಲಿ ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ ನೆಲಸಿ ಅವರು ನಡೆಸಿದ ಅಭ್ಯಾಸದ ಫಲವದು. ಊರಿನಲ್ಲಿ ನೆಲ, ತಲೆಯೆಣಿಕೆ, ಅಧಿಕಾರ ಯಾವ ಜಾತಿಯ ಕಡೆಗಿದೆಯೋ ಅದು ಪ್ರಬಲ. ಆ ಲೆಕ್ಕಕ್ಕೆ ಮರಾಠರು ಪ್ರಬಲರೇ ಸರಿ. ಆದರೆ ಜಾತಿ ಪ್ರಬಲವಾದ ಮಾತ್ರಕ್ಕೆ ಆ ಜಾತಿಯ ಪ್ರತಿಯೊಂದು ಒಲೆಯೂ ಉರಿಯುತ್ತದೆಯೇ? ಹೊಲ ಅಣ್ಣತಮ್ಮಂದಿರಲ್ಲಿ ಹರಿದು ಹಂಚಿಹೋಗಿದೆ. ಮಳೆ ಕೈಕೊಟ್ಟಿದೆ. ಮಗ ಐ.ಟಿ.ಐ. ಕಲಿತು ಗೇಟಿನ ಮುಂದೆ ನಿಂತರೆ ಸಿಗುವುದು ಕಂತ್ರಾಟುದಾರನ ಚೀಟಿ. ಆಗ ಮುಂದಾಳು ಬಂದು ಕಿವಿಯಲ್ಲಿ ಊದುತ್ತಾನೆ: ನಿನ್ನ ಪಾಲನ್ನು ಕೆಳಗಿನವನು ತಿಂದ!

2018ರ ಕೊನೆಗೆ ಶೇಕಡಾ 16ರ ಕಾನೂನು ಬಂತು. 2021ರಲ್ಲಿ ಸುಪ್ರೀಂ ಕೋರ್ಟು ಮರಾಠಾ ಮೀಸಲಾತಿಯನ್ನು ರದ್ದುಮಾಡಿತು. 2024ರಲ್ಲಿ ಶೇಕಡಾ 10ರ ಇನ್ನೊಂದು ಕಾನೂನು ಬಂತು. ಇವೆಲ್ಲ ಸರಕಾರಿ ನೌಕರಿ ಮತ್ತು ಶಿಕ್ಷಣದ ಮಾತು. ವಾಳೂಜದ ಕಂತ್ರಾಟಿನ ಚೀಟಿ ಮಾತ್ರ ಹಾಗೆಯೇ ಉಳಿಯಿತು.

ಈಗ ನಮ್ಮ ಮುಂಬಯಿಗೆ ಬನ್ನಿ. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯವಾಯಿತು. ಅದಕ್ಕಾಗಿ ಹೋರಾಡಿದ ಗಿರಣಿ ಕಾರ್ಮಿಕನ ಚಾಳು ಮೊದಲಿದ್ದಂತೆಯೇ ಇತ್ತು. 1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. ‘ಮಾರ್ಮಿಕ’ ವಾರಪತ್ರಿಕೆ ಕಚೇರಿಗಳಲ್ಲಿದ್ದ ದಕ್ಷಿಣದವರ ಹೆಸರಿನ ಪಟ್ಟಿಗಳನ್ನು ಅಚ್ಚು ಹಾಕುತ್ತಿತ್ತು. ತಮಿಳ, ಮಲಯಾಳಿ, ಕನ್ನಡಿಗ, ತುಳುವ ಎಂಬ ಭೇದವೇನೂ ಇಲ್ಲ, ಎಲ್ಲರೂ ‘ಮದ್ರಾಸಿ’ಗಳೇ. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದವು.

ಆ ಸೇನೆ ಹೇಗೆ ಬೆಳೆಯಿತೆಂಬುದನ್ನು ಶೋಧಿಸಿ ಸಮಾಜಶಾಸ್ತ್ರಜ್ಞ ದೀಪಂಕರ ಗುಪ್ತ ಅವರು ‘ನೇಟಿವಿಸಂ ಇನ್ ಎ ಮೆಟ್ರೊಪೊಲಿಸ್’ ಎಂಬ ಪುಸ್ತಕವನ್ನು 1982ರಲ್ಲಿ ಪ್ರಕಟಿಸಿದರು. ಅದೇ ವರುಷದ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಗಿರಣಿಗಳ ಮಹಾಮುಷ್ಕರ ಮೊದಲಾಯಿತು. ಎರಡೂವರೆ ಲಕ್ಷದಷ್ಟು ಕಾರ್ಮಿಕರು ಹೊರಬಂದರು. ಮುಷ್ಕರ ಸೋತಿತು, ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಆ ನೆಲದಲ್ಲಿ ಮಾಲುಗಳೂ ಗೋಪುರಗಳೂ ಎದ್ದವು. ಬೀದಿಗೆ ಬಿದ್ದವರು ಯಾರು? ಬಹುಪಾಲು ಕೊಂಕಣದ, ಸಾತಾರೆಯ, ಘಟ್ಟದ ಮೇಲಿನ ಮರಾಠಿ ಮನೆಗಳವರು, ಅಂದರೆ ಮಣ್ಣಿನ ಮಕ್ಕಳೇ! ಅವರ ಅನ್ನ ಕಿತ್ತುಕೊಂಡವನು ಉಡುಪಿ ಹೋಟೆಲಿನ ಮಾಣಿಯೇನು?

ಇದಿಷ್ಟನ್ನೂ ಅನುಭವಿಸಿದ ನಾವು ಬುದ್ಧಿ ಕಲಿತೆವೋ? ಇಲ್ಲವೆಂದು ನೋವಿನಿಂದ ಹೇಳಬೇಕಾಗಿದೆ. 2024ರ ಜುಲೈ 15ರಂದು ಕರ್ನಾಟಕದ ಮಂತ್ರಿಮಂಡಲ ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಆಡಳಿತದ ಹುದ್ದೆಗಳಲ್ಲಿ ಶೇಕಡಾ 50, ಉಳಿದವುಗಳಲ್ಲಿ ಶೇಕಡಾ 70 ಎಂಬ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಮಾಲಿಕರು ಗದ್ದಲವೆಬ್ಬಿಸಿದರು, ಎರಡೇ ದಿನದಲ್ಲಿ ಅದನ್ನು ತಡೆಹಿಡಿದರು. ಆ ಎರಡು ದಿನ ನಮ್ಮವರೇ ಎಷ್ಟೋ ಜನ ಚಪ್ಪಾಳೆ ತಟ್ಟಿದರು. ಸ್ಥಳೀಯನೆಂದರೆ ಯಾರೆಂದು ಓದಿದ್ದರೇ? ಕರ್ನಾಟಕದಲ್ಲಿ ಹುಟ್ಟಿ, ಅಲ್ಲಿ 15 ವರುಷ ನೆಲಸಿ, ಕನ್ನಡ ಬಲ್ಲವನು. ಧಾರಾವಿಯಲ್ಲೋ ಮಾಟುಂಗದಲ್ಲೋ ಹುಟ್ಟಿದ ನಮ್ಮ ಕೂಸು ಎಷ್ಟೇ ಚೆನ್ನಾಗಿ ಕನ್ನಡ ಓದಿ ಬರೆದರೂ ಅಲ್ಲಿ ಹೊರಗಿನವನು. ಇಲ್ಲಂತೂ ಸರಿಯೇ ಸರಿ. ಚಪ್ಪಾಳೆ ತಟ್ಟಿದ್ದು ನಮ್ಮ ಮಕ್ಕಳ ಬೆನ್ನಿಗೇ!

‘ಹಾಗಾದರೆ ಊರಿನವರಿಗೆ ಕೆಲಸ ಬೇಡವೇ?’ ಎಂದು ಕೇಳುವಿರಿ. ಬೇಕು. ಕಾರಖಾನೆಗೆ ಹೊಲ ಕೊಟ್ಟವನ ಮಗನಿಗೆ ಅಲ್ಲಿ ಮೊದಲ ಹಕ್ಕಿದೆ. ಕಾರ್ಮಿಕನ ಭಾಷೆಯಲ್ಲಿ ತರಬೇತಿ, ನಿಯಮ, ಸೂಚನೆ ಇರಬೇಕು. ಇದರಲ್ಲಿ ನಮಗೆ ತಕರಾರಿಲ್ಲ. ಆದರೆ ಆ ಕೆಲಸ ಎಂಥದ್ದು ಎಂಬ ಪ್ರಶ್ನೆಯೂ ಬೇಕು. ಸರಕಾರದ ರಿಯಾಯಿತಿ ಪಡೆಯುವ ಕಾರಖಾನೆಗಳಲ್ಲಿ ಶೇಕಡಾ 80 ಸ್ಥಳೀಯರಿರಬೇಕೆಂಬ ಆಜ್ಞೆ ಮಹಾರಾಷ್ಟ್ರದಲ್ಲಿ ಬಹಳ ಹಿಂದೆಯೇ ಆಗಿದೆ. ಗಂಗಾಪುರದ ತರುಣರ ಕೊರಗು ಅದರಿಂದ ತೀರಿತೇ? ಕಂತ್ರಾಟು ಕೂಲಿಯನ್ನು ನಿಯಂತ್ರಿಸಿ ತೊಡೆದುಹಾಕಲೆಂದೇ 1970ರಲ್ಲಿ ಕಾಯಿದೆ ಮಾಡಿದರು. ತೊಡೆದುಹೋದದ್ದು ಖಾಯಂ ಕೆಲಸ. ಈ ಮಾತನ್ನು ಯಾವ ‘ಮಣ್ಣಿನ ಮಗ’ ಮುಂದಾಳು ವೇದಿಕೆಯ ಮೇಲೆ ಆಡಿದ್ದಾನೆ?

ಬಂಧುಗಳೇ, ಜನರ ಮೌಲ್ಯ ಕೆಟ್ಟಿಲ್ಲ. ದುಡಿದು ಉಣ್ಣಬೇಕು, ಮರ್ಯಾದೆಯಿಂದ ಬಾಳಬೇಕು ಎಂಬ ಆಸೆ ಗಂಗಾಪುರದ ಮರಾಠನಲ್ಲಿಯೂ ಇದೆ, ಅಲ್ಲಿಯ ದಲಿತನಲ್ಲಿಯೂ ಇದೆ, ನಮ್ಮಲ್ಲಿಯೂ ಇದೆ. ಆ ಆಸೆಯನ್ನು ನೆರೆಯವನ ಮೇಲಿನ ಹಗೆಯಾಗಿ ತಿರುಗಿಸುವುದೇ ಜನರಂಜಕನ ಕಸುಬು.

ಮುಂದಿನ ಸಭೆಯಲ್ಲಿ ಈ ವಿಷಯವನ್ನು ಎತ್ತಿರಿ. ಬೆಂಗಳೂರಿನ ಬಂಧುಗಳಿಗೆ ಕಾಗದ ಬರೆಯಿರಿ. ಶೇಕಡಾ ಎಷ್ಟು ಎಂದು ಕೇಳುವುದಕ್ಕೆ ಮೊದಲು, ಖಾಯಂ ಎಷ್ಟು, ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂದು, ಎಂಬುದನ್ನು ಕೇಳಲು ಹೇಳಿರಿ. ಆ ಪ್ರಶ್ನೆಯನ್ನು ಮರಾಠಿ ಕಾರ್ಮಿಕನ ಪಕ್ಕದಲ್ಲಿ ನಿಂತು, ಅವನ ಭಾಷೆಯಲ್ಲಿಯೇ ಕೇಳೋಣ. ಮುಂಬಯಿಯಲ್ಲಿ ಬಾಳಿದ ನಮಗೆ ಆ ಭಾಷೆ ಬರುತ್ತದೆ.