ಸಿಎನ್‌ಸಿ ಮೆಷಿನ್‌ಗೆ ಬಟನ್ ಒತ್ತಿದರೆ ಸಾಕೇ? ಕಿರುಚಿದರೆ ಸ್ಪೀಡ್ ಇಳಿಸಲೇಬೇಕೇ?

ಭದ್ರಾವತಿಯ ಕಾಗದನಗರದಿಂದ ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲಿ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ ಸಿಗುತ್ತದೆ. ಫೌಂಡ್ರಿಯಲ್ಲಿ ಎರಕ ಹೊಯ್ದ ಭಾಗಗಳನ್ನು ಕೊರೆದು ಅಳತೆಗೆ ತರುವುದು ಈ ಭಾಗದ ಐಟಿಐ ಹುಡುಗರಿಗೆ ಗೊತ್ತಿರುವ ಕೆಲಸ. ಅವರ ಬಗ್ಗೆ ಒಂದು ಮಾತು ಓಡಾಡುತ್ತಿರುತ್ತದೆ: "ಎಲ್ಲಾ ಕಂಪ್ಯೂಟರೇ ಮಾಡುತ್ತೆ, ಇವರದ್ದೇನಿದೆ?" ಜಾಬ್ ರಿಜೆಕ್ಟ್ ಆದರೆ ಮಾತ್ರ ಬೈಗುಳ ಆಪರೇಟರ್‌ಗೇ!

ಈ ಮಾತು ಅರ್ಧ ಸತ್ಯ. ಮಿಲ್ಲಿಂಗ್ ಮೆಷಿನ್‌ನ ಟೇಬಲ್ ಎಲ್ಲಿದೆ ಎಂಬುದನ್ನು ಎನ್‌ಕೋಡರ್ ಸೆಕೆಂಡಿಗೆ ನೂರಾರು ಸಲ ಹೇಳುತ್ತದೆ. ತಪ್ಪಿದ್ದರೆ ಮೋಟಾರ್ ತಕ್ಷಣ ಸರಿಪಡಿಸುತ್ತದೆ. ಇದೇ ಫೀಡ್‌ಬ್ಯಾಕ್ ಕಂಟ್ರೋಲ್. ಆದರೆ ಕಟರ್‌ನ ತುದಿ ಬಾಗಿದೆಯೇ, ಅದುರುತ್ತಿದೆಯೇ, ಸವೆದಿದೆಯೇ ಎಂಬುದು ಎನ್‌ಕೋಡರ್‌ಗೆ ಕಾಣುವುದಿಲ್ಲ. ಸ್ಕ್ರೀನ್ ಮೇಲೆ ಅಳತೆ ಸರಿ, ಜಾಬ್ ಮೇಲೆ ಗೀರು.

ಆ ಕಿರುಚಾಟದ ಹೆಸರು ಚಾಟರ್. 1907ರಲ್ಲೇ ಅಮೆರಿಕದ ಎಫ್. ಡಬ್ಲ್ಯೂ. ಟೇಲರ್ ಇದನ್ನು ಬಿಡಿಸಲಾಗದ ಕಗ್ಗಂಟು ಎಂದು ಗುರುತಿಸಿದ್ದರು. ಒಂದು ಹಲ್ಲು ಕೊರೆದು ಬಿಟ್ಟ ಅಲೆಯ ಮೇಲೆ ಮುಂದಿನ ಹಲ್ಲು ಬರುತ್ತದೆ. ಅದರ ಅದುರು ಹಳೆಯ ಅಲೆಗೆ ಹೊಂದದಿದ್ದರೆ ಚಿಪ್ಸ್ ಒಮ್ಮೆ ದಪ್ಪ, ಒಮ್ಮೆ ತೆಳು. ಅದರಿಂದ ಅದುರು ಇನ್ನಷ್ಟು ಹೆಚ್ಚುತ್ತದೆ.

ಹಾಗಾದರೆ ಸ್ಪೀಡ್ ಇಳಿಸಿದರೆ ಸರಿಹೋಗುತ್ತಾ? ಯಾವಾಗಲೂ ಇಲ್ಲ. ಲೆಕ್ಕ ನೋಡಿ. ಕಟರ್‌ಗೆ 4 ಹಲ್ಲು, ಅದರ ಸಹಜ ಅದುರು ಸೆಕೆಂಡಿಗೆ 800 ಸಲ ಎನ್ನೋಣ. 3400 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 227 ಹಲ್ಲುಗಳು ಬಡಿಯುತ್ತವೆ. ಎರಡು ಹೊಡೆತದ ನಡುವೆ ಮೂರೂವರೆ ಅಲೆ, ಅಂದರೆ ತಾಳ ತಪ್ಪಿತು. 4000ಕ್ಕೆ ಏರಿಸಿದರೆ ಸರಿಯಾಗಿ ಮೂರು ಅಲೆ. ಹೊಸ ಹಲ್ಲು ಹಳೆಯ ಅಲೆಯ ಮೇಲೇ ನಡೆಯುತ್ತದೆ, ಸದ್ದು ಅಡಗುತ್ತದೆ. ಇಂಥ ಲೆಕ್ಕವನ್ನೇ ಎಂಜಿನಿಯರ್‌ಗಳು ಮಾಡೆಲ್ ಎನ್ನುವುದು. ಆದರೆ ಕಟರ್ ತಯಾರಕರು ಹೇಳಿದ ಮಿತಿ ದಾಟಿ ಏರಿಸುವಂತಿಲ್ಲ.

ಇನ್ನೂ ಸುಲಭದ ದಾರಿ, ಕಟರ್ ಹೋಲ್ಡರ್‌ನಿಂದ ಹೊರಗೆ ಚಾಚಿರುವ ಉದ್ದ ತಗ್ಗಿಸುವುದು. ಉದ್ದ ಎರಡು ಪಟ್ಟಾದರೆ ಬಾಗುವಿಕೆ ಸುಮಾರು ಎಂಟು ಪಟ್ಟು!

ಸ್ಪಿಂಡಲ್ ಲೋಡ್ ನೋಡಿ ಫೀಡ್ ತಾನೇ ತಗ್ಗಿಸುವ, ಸೆನ್ಸರ್‌ನಿಂದ ಚಾಟರ್ ಹಿಡಿಯುವ ವ್ಯವಸ್ಥೆಗಳೂ ಇವೆ. ಅವು ಎಲ್ಲ ಮೆಷಿನ್‌ಗಳಲ್ಲೂ ಇರುವುದಿಲ್ಲ, ಬೆಲೆಯೂ ಹೆಚ್ಚು. ಅವಿಲ್ಲದ ಕಡೆ ಕಟ್ಟಿಂಗ್‌ನ ಫೀಡ್‌ಬ್ಯಾಕ್ ಎಂದರೆ ಆಪರೇಟರ್‌ನ ಕಿವಿ. ನಿಮ್ಮ ಮೊಬೈಲ್ ಕೂಡ ನೆರವಾಗಬಹುದು. ಶಬ್ದದ ಫ್ರೀಕ್ವೆನ್ಸಿ ತೋರಿಸುವ ಆ್ಯಪ್‌ನಲ್ಲಿ 227, 453, 680, 907ರ ಬಳಿ ಗೆರೆ ಎದ್ದರೆ ಅದು ಹಲ್ಲುಗಳ ಮಾಮೂಲಿ ಬಡಿತ. 800ರ ಆಸುಪಾಸಿನಲ್ಲಿ ಎದ್ದರೆ ಚಾಟರ್ ಎಂದು ಶಂಕಿಸಬಹುದು. ರೆಕಾರ್ಡ್ ಮಾಡುವಾಗ ಮೆಷಿನ್‌ನ ಬಾಗಿಲು ಮುಚ್ಚಿಯೇ ಇರಲಿ.