ಹಿತ್ತಲ ಹಕ್ಕಿಗಳ ಚರ್ಮರೋಗ: ಮದ್ದಿಗಿಂತ ಶುಚಿತ್ವ ಮೇಲು

ಮುದಗಲ್ಲಿನ ಕೋಟೆಯ ಸುತ್ತಲಿನ ಊರುಗಳಿರಲಿ, ಸಿಂಧನೂರು ಕಡೆಯ ಕಾಲುವೆ ಬಯಲಿರಲಿ, ರೈತನ ಹಿತ್ತಲೆಂದ ಮೇಲೆ ಅಲ್ಲಿ ಗುಬ್ಬಿ, ಗೊರವಂಕ, ಬೆಳವ, ಪಾರಿವಾಳಗಳು ಇದ್ದೇ ಇರುತ್ತವೆ. ಒಮ್ಮೊಮ್ಮೆ ಇವುಗಳಲ್ಲಿ ಕಣ್ಣಿನ ಸುತ್ತ, ಕೊಕ್ಕಿನ ಬುಡದಲ್ಲಿ ಅಥವಾ ಕಾಲಿನ ಮೇಲೆ ಗಂಟು ಎದ್ದಿರುವ ಹಕ್ಕಿ ಕಣ್ಣಿಗೆ ಬೀಳಬಹುದು. ಕೆಲವರು ಮರುಗಿ ಅದನ್ನು ಹಿಡಿದು ಮದ್ದು ಹಚ್ಚಲು ಹೋಗುತ್ತಾರೆ. ಕೆಲವರು ರೋಗ ತಮ್ಮ ಕೋಳಿಗಳಿಗೆ ಹತ್ತೀತೆಂದು ಕಲ್ಲು ಬೀರಿ ಓಡಿಸುತ್ತಾರೆ. ಈ ಎರಡೂ ದಾರಿ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಮಾಡಬೇಕಾದ ಕೆಲಸ ಹಕ್ಕಿಯ ಮೈಮೇಲಿಲ್ಲ, ನಮ್ಮ ಅಂಗಳದಲ್ಲಿದೆ.

ರೋಗದ ಗುರುತು

ಹೀಗೆ ಗಂಟು ಏಳಿಸುವ ರೋಗಗಳಲ್ಲಿ ಮುಖ್ಯವಾದುದು ಹಕ್ಕಿ ಸಿಡುಬು. ಜವಾರಿ ಕೋಳಿಗಳಿಗೆ ಬರುವ ಕೋಳಿ ಸಿಡುಬೂ ಇದೇ ಕುಲದ ವೈರಾಣುವಿನದು. ಪುಕ್ಕವಿಲ್ಲದ ಚರ್ಮದ ಮೇಲೆ ಮೊದಲು ಸಣ್ಣ ಗುಳ್ಳೆ ಎದ್ದು, ಅದು ದೊಡ್ಡದಾಗಿ, ಒಣಗಿ, ಕಪ್ಪು ಹೊಪ್ಪಳೆಯಾಗುತ್ತದೆ. ಚರ್ಮದಲ್ಲಷ್ಟೇ ಇದ್ದರೆ ಹೆಚ್ಚಿನ ಹಕ್ಕಿಗಳು ಕೆಲವು ವಾರಗಳಲ್ಲಿ ಗುಣವಾಗುತ್ತವೆ. ಗಂಟಿನಿಂದ ಕಣ್ಣು ಮುಚ್ಚಿಹೋದರೆ ಹಕ್ಕಿಗೆ ಕಾಳು ಕಾಣದು, ಬೆಕ್ಕು ಬಂದದ್ದೂ ಕಾಣದು. ಬಾಯಿ, ಗಂಟಲಿನೊಳಗೆ ಪೊರೆ ಕಟ್ಟಿದರೆ ಉಸಿರು ಸಿಕ್ಕಿ ಸಾಯುವುದೂ ಉಂಟು. ಈ ರೋಗ ಮನುಷ್ಯರಿಗೆ ಹತ್ತುವುದಿಲ್ಲ. ಆದ್ದರಿಂದ ಹೆದರಿ ಹಕ್ಕಿಯನ್ನು ಕೊಲ್ಲಲು ಕಾರಣವಿಲ್ಲ.

ಕಾಲಿನ ಮೇಲೆ ಬೂದು ಬಣ್ಣದ ಹುರುಪೆ ದಪ್ಪಗೆ ಕಟ್ಟಿ, ಪೊರೆಗಳು ಎದ್ದು ನಿಂತಿದ್ದರೆ ಅದು ಸಿಡುಬಲ್ಲದಿರಬಹುದು. ಚರ್ಮದೊಳಗೆ ಕೊರೆದು ಸೇರುವ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯಿಂದ ಹೀಗಾಗುತ್ತದೆ. ಕೋಳಿಗಳಲ್ಲಿಯೂ ಇದನ್ನು ಕಾಣಬಹುದು. ಇನ್ನು ಮರಿ ಮಾಡಿ ಮುಗಿದ ಮೇಲೆ ಹಳೆಯ ಗರಿ ಉದುರಿ ಹೊಸದು ಬರುವುದು ಸಹಜ. ಅದನ್ನು ರೋಗವೆಂದು ತಿಳಿಯಬಾರದು.

ಹರಡುವ ಬಗೆ

ಸಿಡುಬನ್ನು ಹರಡುವುದರಲ್ಲಿ ಸೊಳ್ಳೆಯ ಪಾಲು ದೊಡ್ಡದು. ರೋಗದ ಹಕ್ಕಿಯನ್ನು ಕಚ್ಚಿದ ಸೊಳ್ಳೆ ಮತ್ತೊಂದನ್ನು ಕಚ್ಚಿದಾಗ ವೈರಾಣು ದಾಟುತ್ತದೆ. ಉದುರಿದ ಹೊಪ್ಪಳೆಯಲ್ಲಿ ಅದು ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಚರ್ಮದ ಗಾಯದ ಮೂಲಕ ಒಳಸೇರಬಲ್ಲದು. ಹವಾಯಿ ದ್ವೀಪಗಳಲ್ಲಿ ಹತ್ತೊಂಬತ್ತನೆಯ ಶತಮಾನದವರೆಗೆ ಸೊಳ್ಳೆಯೇ ಇರಲಿಲ್ಲ. ಹಡಗುಗಳೊಂದಿಗೆ ಸೊಳ್ಳೆ ಬಂದ ಮೇಲೆ ಸಿಡುಬು ಮತ್ತು ಹಕ್ಕಿ ಮಲೇರಿಯಾ ಅಲ್ಲಿನ ಕಾಡುಹಕ್ಕಿಗಳ ಕುಲಗಳನ್ನೇ ಕುಗ್ಗಿಸಿದವು. ಇಂಗ್ಲೆಂಡಿನ ಆಗ್ನೇಯ ಭಾಗದಲ್ಲಿ 2006ರಿಂದ ಟಿಟ್ ಜಾತಿಯ ಸಣ್ಣ ತೋಟದ ಹಕ್ಕಿಗಳಲ್ಲಿ ದೊಡ್ಡ ಗಂಟುಗಳ ಸಿಡುಬು ಕಾಣಿಸಿಕೊಂಡಿತು. ಅಲ್ಲಿ ಮನೆಯವರಿಗೆ ಕೊಟ್ಟ ಸಲಹೆ ಸರಳವಾದುದು: ಕಾಳಿಡುವ ತಟ್ಟೆ, ನೀರಿನ ಬಟ್ಟಲು ತೊಳೆಯಿರಿ, ರೋಗದ ಹಕ್ಕಿಗಳು ಕಂಡರೆ ಕೆಲಕಾಲ ಕಾಳಿಡುವುದನ್ನು ನಿಲ್ಲಿಸಿರಿ.

ನಮ್ಮ ಭಾಗಕ್ಕೂ ಈ ಮಾತು ಸಲ್ಲುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಸಿಂಧನೂರಿನ ಎರೆ ಭೂಮಿ ಭತ್ತದ ಗದ್ದೆಯಾಯಿತು. ನೀರು ಬಂದದ್ದು ಭಾಗ್ಯವೇ ಸರಿ. ನಿಂತ ನೀರಿನೊಡನೆ ಸೊಳ್ಳೆಯೂ ಬಂತು. ಗದ್ದೆಯ ನೀರನ್ನು ನಾವು ಒಣಗಿಸಲಾರೆವು. ಹಿತ್ತಲಿನ ಒಡೆದ ಮಡಕೆ, ಹಳೆಯ ಟೈರು, ಬಚ್ಚಲ ಗುಂಡಿಗಳನ್ನಾದರೂ ಒಣಗಿಸಬಹುದಲ್ಲವೇ?

ಪುಣ್ಯದ ಕೆಲಸದಲ್ಲಿ ಒಂದು ತಪ್ಪು

ಬೇಸಿಗೆಯಲ್ಲಿ ಹಕ್ಕಿಗಳಿಗೆ ನೀರಿಡುವ ರೂಢಿ ಒಳ್ಳೆಯದು. ಆದರೆ ಒಮ್ಮೆ ನೀರಿಟ್ಟ ಬಟ್ಟಲನ್ನು ಹಾಗೆಯೇ ಬಿಟ್ಟು, ಅದರ ಮೇಲೆಯೇ ನೀರು ಸುರಿಯುತ್ತ ಹೋದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಬಿಸಿಲ ನಾಡಿನಲ್ಲಿ ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ ಸಾಕು. ಬಟ್ಟಲನ್ನು ದಿನವೂ ಚೆಲ್ಲಿ, ಉಜ್ಜಿ ತೊಳೆದು, ಹೊಸ ನೀರು ಹಾಕಬೇಕು. ಕಾಳನ್ನು ಒಂದೇ ಕಡೆ ರಾಶಿ ಸುರಿಯದೆ, ಸ್ವಲ್ಪ ಸ್ವಲ್ಪವಾಗಿ ಜಾಗ ಬದಲಿಸಿ ಹಾಕಬೇಕು. ತೊಳೆಯಲು ಬಿಡುವಿಲ್ಲದವರು ಇಡದಿರುವುದೇ ಲೇಸು.

ಕೋಳಿ ಸಿಡುಬಿಗೆ ಹಕ್ಕಿಗಳನ್ನೇ ದೂರುವುದೂ ನ್ಯಾಯವಲ್ಲ. ಸಿಡುಬಿನ ವೈರಾಣುವಿನಲ್ಲಿ ಹಲವು ತಳಿಗಳಿದ್ದು, ಪ್ರತಿಯೊಂದಕ್ಕೂ ಬಹುಮಟ್ಟಿಗೆ ತನ್ನ ತನ್ನ ಹಕ್ಕಿಯೇ ಆಸರೆ. ಕೋಳಿಗೆ ರೋಗ ಹೆಚ್ಚಾಗಿ ಬರುವುದು ಸಂತೆಯಿಂದ ತಂದು ನೇರವಾಗಿ ಗುಂಪಿಗೆ ಬಿಟ್ಟ ಕೋಳಿಯಿಂದ, ನೆರೆಮನೆಯ ಕೋಳಿಯಿಂದ ಮತ್ತು ಸೊಳ್ಳೆಯಿಂದ. ವೈರಾಣುವಿಗೆ ಮದ್ದಿಲ್ಲ, ಲಸಿಕೆಯಿದೆ. ಆರರಿಂದ ಎಂಟು ವಾರದ ಮರಿಗಳಿಗೆ ರೆಕ್ಕೆಯ ಪೊರೆಯಲ್ಲಿ ಚುಚ್ಚಿಸಬೇಕು. ಒಂದು ವಾರ, ಹತ್ತು ದಿನದಲ್ಲಿ ಚುಚ್ಚಿದಲ್ಲಿ ಸಣ್ಣ ಗಂಟು ಬಂದರೆ ಲಸಿಕೆ ಹಿಡಿದಿದೆ ಎಂದರ್ಥ. ಮುಂಗಾರಿಗೆ ಮೊದಲೇ ಇದನ್ನು ಮುಗಿಸುವುದು ಜಾಣತನ. ಕೋಳಿಯ ಮೊಟ್ಟೆಯ ದುಡ್ಡು ಮನೆಯ ಹೆಣ್ಣುಮಗಳ ಕೈಖರ್ಚಿನ ದುಡ್ಡು. ಅದು ಒಂದು ಚುಚ್ಚುಮದ್ದಿನ ಆಲಸ್ಯಕ್ಕೆ ಹೋಗಬಾರದು.

ಕಾಲಿನ ಹುರುಪೆಗೆ ಸೀಮೆಎಣ್ಣೆ ಹಚ್ಚುವುದು, ಬೆಳೆಗೆ ಹೊಡೆಯುವ ಕೀಟನಾಶಕವನ್ನು ಕೋಳಿಗೂಡಿಗೆ ಉದುರಿಸುವುದು ಅಪಾಯಕರ. ಅಂಥ ಕೋಳಿಯನ್ನು ಬೇರೆ ಇಟ್ಟು, ಕಾಲನ್ನು ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ, ಹುರುಪೆಯನ್ನು ಕೀಳದೆ ಮೆಲ್ಲಗೆ ತೊಳೆದು ಪಶುವೈದ್ಯರಿಗೆ ತೋರಿಸಿರಿ. ಕಾಡುಹಕ್ಕಿಗಳನ್ನು ಮಾತ್ರ ಹಿಡಿಯಬೇಡಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಒಂದು ಕಡೆಯಿರಲಿ, ಬೆದರಿದ ಹಕ್ಕಿ ಹಿಡಿಯುವಾಗಲೇ ಸಾಯಬಹುದು. ಒಂದೆಡೆ ಹಲವು ಹಕ್ಕಿಗಳು ಸತ್ತು ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೂ ಅರಣ್ಯ ಇಲಾಖೆಗೂ ತಿಳಿಸಿರಿ. ಹಕ್ಕಿಜ್ವರದಂಥ ರೋಗವೂ ಇರಬಹುದಾದ್ದರಿಂದ ಈ ಎಚ್ಚರಿಕೆ.

ಮಸ್ಕಿಯಲ್ಲಿ 1915ರಲ್ಲಿ ದೊರೆತ ಬಂಡೆಗಲ್ಲಿನ ಶಾಸನದಿಂದ ಅಶೋಕನ ಹೆಸರು ನಮ್ಮ ಸೀಮೆಗೆ ಅಂಟಿಕೊಂಡಿದೆ. ಆ ಅರಸನೇ ತನ್ನ ಬೇರೊಂದು ಶಾಸನದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು ಹೇಳಿಕೊಂಡಿದ್ದಾನೆ. ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಜೀವಿಗಳ ಪಟ್ಟಿಯಲ್ಲಿ ಗಿಳಿ, ಗೊರವಂಕಗಳನ್ನು ಸೇರಿಸಿದ್ದಾನೆ. ತೊಗರಿ, ಜೋಳದ ಹೊಲದಲ್ಲಿ ಹುಳು ಹೆಕ್ಕುವ ಗೊರವಂಕ ನಮ್ಮಿಂದ ಕೇಳುವುದು ಅಷ್ಟು ದೊಡ್ಡದನ್ನಲ್ಲ. ಅದಕ್ಕೆ ಬೇಕಾದದ್ದು ತೊಳೆದ ಬಟ್ಟಲು, ಒಣಗಿದ ಅಂಗಳ. ನಮ್ಮ ಕೋಳಿಗಳಿಗೂ ಮಕ್ಕಳಿಗೂ ಬೇಕಾದದ್ದು ಅದೇ. ರೈತ ಬಾಂಧವರು ಈ ವಾರದಿಂದಲೇ ಆರಂಭಿಸಲಿ.